1973ರ ಆಸ್ಟ್ರೇಲಿಯಾ: ನಮಗೂ ಸಂಬಂಧಪಟ್ಟ ವರ್ಷ

ಈ ಸಂಚಿಕೆಯ ಇತಿಹಾಸ ಪಾಠಕ್ಕೆ ನಾವು 1973ನೇ ಇಸವಿಯನ್ನು ಆರಿಸಿಕೊಂಡಿದ್ದೇವೆ. ನಮ್ಮಲ್ಲಿ ಯಾರೂ ಆಗ ಹುಟ್ಟಿರಲಿಲ್ಲ, ಆದರೂ ನಾವು ಇಲ್ಲಿ ಕೂತು ಓದುತ್ತಿರುವುದಕ್ಕೆ ಆ ವರ್ಷದ ಕೆಲವು ಕಡತಗಳೇ ಕಾರಣ.

1901ರ ವಲಸೆ ಕಾಯ್ದೆಯಲ್ಲಿ ಬಣ್ಣದ ಮಾತೇ ಇರಲಿಲ್ಲ. ಬದಲಿಗೆ ಒಂದು ಉಕ್ತಲೇಖನ ಪರೀಕ್ಷೆ ಇತ್ತು. ಅಧಿಕಾರಿ ಯಾವುದೋ ಐರೋಪ್ಯ ಭಾಷೆಯಲ್ಲಿ 50 ಪದ ಓದುತ್ತಿದ್ದ, ಬಂದವರು ಬರೆಯಬೇಕು. ಇಂಗ್ಲಿಷ್ ಚೆನ್ನಾಗಿ ಗೊತ್ತಿದ್ದವರಿಗೆ ಬೇರೆ ಭಾಷೆ ಕೊಟ್ಟರೆ ಆಯ್ತು, ಫೇಲ್! ನಮ್ಮ ಐಇಎಲ್‌ಟಿಎಸ್ ಎಷ್ಟೋ ವಾಸಿ. ಈ ಪರೀಕ್ಷೆ 1958ರಲ್ಲಿ ಹೋಯಿತು, 1966ರಲ್ಲಿ ನಿಯಮಗಳು ಇನ್ನಷ್ಟು ಸಡಿಲವಾದವು. ಆದರೆ ಅರ್ಜಿದಾರರ ಜನಾಂಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು ಅಂತ ನಿರ್ಧಾರವಾದದ್ದು 1973ರಲ್ಲಿ, ಗಾಫ್ ವಿಟ್ಲಂ ಸರ್ಕಾರದ ಕಾಲದಲ್ಲಿ. ವಲಸೆ ಸಚಿವ ಆಲ್ ಗ್ರಾಸ್ಬಿ 'ಬಹುಸಂಸ್ಕೃತಿಯ ಸಮಾಜ' ಎಂಬ ಮಾತನ್ನು ಸರ್ಕಾರದ ಭಾಷಣಕ್ಕೆ ತಂದದ್ದೂ ಅದೇ ವರ್ಷ.

ಪೌರತ್ವದ ಲೆಕ್ಕ ನೋಡಿ. ಐರೋಪ್ಯರಲ್ಲದವರು ಮೊದಲು 15 ವರ್ಷ ಕಾಯಬೇಕಿತ್ತು, 1966ರ ನಂತರ 5 ವರ್ಷ. 1973ರ ತಿದ್ದುಪಡಿಯಿಂದ ಎಲ್ಲ ದೇಶದವರಿಗೂ ಒಂದೇ ಅಳತೆ, 3 ವರ್ಷ. ಹಾಗಂತ ಬಾಗಿಲು ಪೂರ್ತಿ ತೆರೆದು, ಮರುದಿನವೇ ಭಾರತೀಯರು ತುಂಬಿಕೊಂಡರು ಅಂದುಕೊಳ್ಳಬೇಡಿ. ಇದೇ ಸರ್ಕಾರ ವಲಸಿಗರ ಒಟ್ಟು ಸಂಖ್ಯೆಯನ್ನು ಇಳಿಸಿತು. ಪುಸ್ತಕಗಳಲ್ಲಿ ಮೊದಲ ಸಂಗತಿಗೆ ಸಿಗುವ ಜಾಗ ಎರಡನೆಯದಕ್ಕೆ ಸಿಗುವುದು ಕಡಿಮೆ ಅಂತ ನಮಗನ್ನಿಸುತ್ತೆ.

ಅದೇ ವರ್ಷ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಕೇಂದ್ರ ಕಾನೂನಿನಿಂದ ಮರಣದಂಡನೆ ಹೋಯಿತು. ವಿಶ್ವವಿದ್ಯಾಲಯದ ಶುಲ್ಕ ರದ್ದು ಮಾಡುವ ತೀರ್ಮಾನ 1974ರ ಜನವರಿಯಿಂದ ಜಾರಿಗೆ ಬಂತು. ನಮ್ಮ ಸೆಮಿಸ್ಟರ್ ಫೀಸು ನೆನೆಸಿಕೊಂಡು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ.

ಅಕ್ಟೋಬರ್ 20ರಂದು ಸಿಡ್ನಿ ಆಪೆರಾ ಹೌಸನ್ನು ರಾಣಿ ಎಲಿಜಬೆತ್ ಉದ್ಘಾಟಿಸಿದರು. ಮೊದಲ ಅಂದಾಜು 70 ಲಕ್ಷ ಡಾಲರ್, ಕೊನೆಗೆ ಖರ್ಚಾದದ್ದು 10 ಕೋಟಿ 20 ಲಕ್ಷ. ವಿನ್ಯಾಸ ಮಾಡಿದ ಡೆನ್ಮಾರ್ಕಿನ ಯೋರ್ನ್ ಉಟ್ಸೋನ್ 1966ರಲ್ಲೇ ಸರ್ಕಾರದ ಜೊತೆ ಜಗಳವಾಗಿ ಕೆಲಸ ಬಿಟ್ಟು ಹೋಗಿದ್ದರು. ಪೂರ್ತಿಯಾದ ಕಟ್ಟಡವನ್ನು ಒಮ್ಮೆಯೂ ಕಣ್ಣಾರೆ ನೋಡದೆ 2008ರಲ್ಲಿ ತೀರಿಕೊಂಡರು. ಅಲ್ಲಿ ಸೆಲ್ಫಿ ತೆಗೆಯುವಾಗ ಅವರ ಹೆಸರಾದರೂ ನೆನಪಿರಲಿ. ಅಂದ ಹಾಗೆ, ಇದಾದ 12ನೇ ದಿನ, ನವೆಂಬರ್ 1ರಂದು, ನಮ್ಮ ಮೈಸೂರು ರಾಜ್ಯ 'ಕರ್ನಾಟಕ' ಆಯಿತು.

ಪ್ಯಾಟ್ರಿಕ್ ವೈಟ್ ಅವರಿಗೆ ಸಾಹಿತ್ಯದ ನೊಬೆಲ್ ಬಂತು, ಈ ದೇಶಕ್ಕೆ ಆ ವಿಭಾಗದಲ್ಲಿ ಮೊದಲನೆಯದು. ಸ್ಟಾಕ್‌ಹೋಮಿಗೆ ಅವರು ಹೋಗಲೇ ಇಲ್ಲ, ಚಿತ್ರಕಾರ ಸಿಡ್ನಿ ನೋಲನ್ ಅವರ ಪರವಾಗಿ ಸ್ವೀಕರಿಸಿದರು. ಡಿಸೆಂಬರ್ 31ರ ರಾತ್ರಿ ಸಿಡ್ನಿಯ ಒಂದು ಕ್ಲಬ್ಬಿನಲ್ಲಿ ಎಸಿ/ಡಿಸಿ ತಂಡ ಮೊದಲ ಸಲ ವೇದಿಕೆ ಹತ್ತಿತು.

ಆ ವರ್ಷ ಹುಟ್ಟಿದವರಲ್ಲಿ ಮೆಲ್ಬರ್ನಿನ ನಟಿ ರಾಧಾ ಮಿಚೆಲ್ ಇದ್ದಾರೆ, ಹೆಸರು ನೋಡಿ ನಮ್ಮವರಾ ಅಂತ ಕೇಳುವವರು ಬಹಳ. ಆದರೆ ನಾವು ಹೆಚ್ಚು ಹೇಳಬೇಕಾದ್ದು ಫೆಬ್ರವರಿ 16ರಂದು ಕ್ವೀನ್ಸ್‌ಲ್ಯಾಂಡಿನ ಮಕೈನಲ್ಲಿ ಹುಟ್ಟಿದ ಕ್ಯಾಥಿ ಫ್ರೀಮನ್ ಬಗ್ಗೆ. ಹೊರಗಿನವರಿಗೆ ಬಾಗಿಲು ತೆರೆದ ವರ್ಷ ಹುಟ್ಟಿದ ಈಕೆ, ಈ ನೆಲದ ಮೂಲನಿವಾಸಿಗಳ ಮಗಳು. ಆಕೆಯ ಅಜ್ಜಿಯನ್ನು ಚಿಕ್ಕಂದಿನಲ್ಲೇ ತಂದೆತಾಯಿಯಿಂದ ಕಿತ್ತು ಒಯ್ದಿದ್ದರು. 1994ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಗೆದ್ದಾಗ ಫ್ರೀಮನ್ ಮೂಲನಿವಾಸಿಗಳ ಬಾವುಟವನ್ನೂ ಹಿಡಿದು ಓಡಿದರು, ತಂಡದ ಮುಖ್ಯಸ್ಥರಿಗೆ ಅದು ಹಿಡಿಸಲಿಲ್ಲ. ಮುಂದಿನ ಓಟದಲ್ಲೂ ಗೆದ್ದು ಮತ್ತೆ ಹಿಡಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಜ್ಯೋತಿ ಬೆಳಗಿಸಿದ್ದೂ ಅವರೇ. ಹತ್ತು ದಿನದ ನಂತರ 400 ಮೀಟರ್ ಓಟವನ್ನು 49.11 ಸೆಕೆಂಡಿನಲ್ಲಿ ಮುಗಿಸಿ, ಚಿನ್ನ ಗೆದ್ದು, ಟ್ರ್ಯಾಕಿನ ಮೇಲೇ ಕೂತುಬಿಟ್ಟರು.