ಭೋಗ್ಯದ ಮನೆಗೆ ಬಾಡಿಗೆ ಎಷ್ಟು? – ಪ್ರಸ್ತುತ ಮೌಲ್ಯದ ಎರಡು ತರಗತಿಗಳು

ಬೋಧನಾಭ್ಯಾಸದ ಎರಡನೆಯ ಹಂತದಲ್ಲಿ ಪ್ರೌಢಶಾಲೆಯ ಗಣಿತ ಪಾಠಗಳ ಜೊತೆಗೆ, ನಮ್ಮ ಆವರಣದಲ್ಲೇ ಇರುವ ಎಂ.ಕಾಂ. ವಿಭಾಗದ ವಿದ್ಯಾರ್ಥಿಗಳಿಗೆ ನಾಲ್ಕು ಸೇತುಬಂಧ ತರಗತಿಗಳನ್ನು ತೆಗೆದುಕೊಳ್ಳುವ ಅವಕಾಶ ನನಗೆ ಸಿಕ್ಕಿತು. ಅವರಲ್ಲಿ ಹಲವರು ಸಿ.ಎ. ಇಲ್ಲವೇ ಸಿ.ಎಂ.ಎ. ಪರೀಕ್ಷೆಗೂ ಓದುತ್ತಿರುವವರು. ನಾನು ಬಿ.ಎಸ್ಸಿ.ಯಲ್ಲಿ ಓದಿದ್ದು ಗಣಿತ, ಲೆಕ್ಕಶಾಸ್ತ್ರವಲ್ಲ. ವಿಭಾಗದವರು ಕೇಳಿದ್ದೂ ಗಣಿತವನ್ನೇ: ಗುತ್ತಿಗೆಯ ಲೆಕ್ಕದಲ್ಲಿ ಪ್ರಸ್ತುತ ಮೌಲ್ಯ ಎಲ್ಲಿಂದ ಬರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು, ಜರ್ನಲ್ ನಮೂದುಗಳನ್ನು ಅವರ ಉಪನ್ಯಾಸಕರು ನೋಡಿಕೊಳ್ಳುತ್ತಾರೆ. ನಾಲ್ಕರಲ್ಲಿ ಮಧ್ಯದ ಎರಡು ತರಗತಿಗಳ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತೇನೆ. ಮೊದಲನೆಯದು ಚಕ್ರಬಡ್ಡಿಯ ಪುನರಾವರ್ತನೆ. ಅದರಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ.

ಪೂರ್ವಜ್ಞಾನ

ಭಾರತದಲ್ಲಿ 2019ರ ಏಪ್ರಿಲ್ 1ರಿಂದ ಇಂಡ್ ಎ.ಎಸ್. 116 ಜಾರಿಯಲ್ಲಿದೆ. ಅದಕ್ಕೆ ಮೊದಲು ಕಂಪನಿಯೊಂದು ಕಟ್ಟಡವನ್ನು ಸಾಮಾನ್ಯ ಬಾಡಿಗೆಗೆ ಪಡೆದರೆ ಆಯಾ ವರ್ಷದ ಬಾಡಿಗೆಯನ್ನು ಖರ್ಚೆಂದು ಬರೆದರೆ ಸಾಕಿತ್ತು. ಈಗ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯಾದರೆ, ಮುಂದೆ ಕೊಡಬೇಕಾದ ಬಾಡಿಗೆಗಳ ಪ್ರಸ್ತುತ ಮೌಲ್ಯವನ್ನು ಮೊದಲ ದಿನವೇ ಸಾಲವಾಗಿ ತೋರಿಸಿ, ಅದಕ್ಕೆ ಎದುರಾಗಿ ಬಳಕೆಯ ಹಕ್ಕನ್ನು ಆಸ್ತಿಯಾಗಿ ತೋರಿಸಬೇಕು. ಅಲ್ಪ ಮೌಲ್ಯದ ವಸ್ತುಗಳಿಗೆ ವಿನಾಯಿತಿ ಇದೆ. ಇಷ್ಟನ್ನು ವಿದ್ಯಾರ್ಥಿಗಳು ನನಗಿಂತ ಚೆನ್ನಾಗಿ ಬಲ್ಲರು.

ಲೆಕ್ಕ ಮಾಡುವ ಕೈಚಳಕವೂ ಅವರಲ್ಲಿದೆ. ಸಿ.ಎ. ಪರೀಕ್ಷೆಯಲ್ಲಿ ವೈಜ್ಞಾನಿಕ ಕ್ಯಾಲ್ಕುಲೇಟರಿಗೆ ಅವಕಾಶವಿಲ್ಲ. ಹಾಗಾಗಿ ಸಾದಾ ಕ್ಯಾಲ್ಕುಲೇಟರಿನಲ್ಲಿ 1ನ್ನು 1.1ರಿಂದ ಭಾಗಿಸಿ, ಸಮ ಚಿಹ್ನೆಯ ಗುಂಡಿಯನ್ನು ಮೂರು ಸಲ ಒತ್ತಿ, ಕೊನೆಗೆ ಜಿ.ಟಿ. ಒತ್ತುತ್ತಾರೆ; ಕೆಲವು ಯಂತ್ರಗಳಲ್ಲಿ ಭಾಗಾಕಾರದ ಗುಂಡಿಯನ್ನು ಎರಡು ಸಲ ಒತ್ತಬೇಕಾಗುತ್ತದೆ. ಪರದೆಯ ಮೇಲೆ 2.4869 ಮೂಡುತ್ತದೆ. ಹತ್ತು ಸೆಕೆಂಡಿನ ಕೆಲಸ. ನನಗೆ ಈ ಉಪಾಯ ಗೊತ್ತಿರಲಿಲ್ಲ, ಅವರೇ ಕಲಿಸಿದರು.

"ಈ 2.4869 ಅಂದರೇನು?" ಎಂದು ಕೇಳಿದೆ.

"ಟೇಬಲ್ ವ್ಯಾಲ್ಯೂ ಮೇಡಂ."

"ಯಾವುದರ ವ್ಯಾಲ್ಯೂ?"

"ಮೂರು ವರ್ಷಕ್ಕೆ, ಹತ್ತು ಪರ್ಸೆಂಟಿಗೆ."

ಉತ್ತರ ತಪ್ಪಲ್ಲ, ಆದರೆ ಅಲ್ಲಿಗೇ ನಿಂತುಬಿಡುತ್ತದೆ. ಪರೀಕ್ಷೆಯಲ್ಲಿ ಬಾಡಿಗೆಯನ್ನು ವರ್ಷದ ಕೊನೆಗೆ ಬದಲು ಮೊದಲಿಗೇ ಕೊಡುತ್ತಾರೆ ಎಂದು ಒಂದು ಪದ ಬದಲಾಯಿಸಿದರೂ ಈ ಉತ್ತರ ನೆರವಿಗೆ ಬಾರದು. ಅದಕ್ಕಿಂತ ದೊಡ್ಡ ಮಾತೆಂದರೆ, ಇವರಲ್ಲಿ ಕೆಲವರು ಮುಂದೆ ಕಂಪನಿಗಳ ಲೆಕ್ಕಪತ್ರಕ್ಕೆ ಸಹಿ ಹಾಕುವವರು. ತಾವು ಸಹಿ ಹಾಕುವ ಸಂಖ್ಯೆ ಯಾವುದರ ಬೆಲೆ ಎಂದು ಹೇಳಲಾಗದೆ ಸಹಿ ಹಾಕುವುದು ಸಣ್ಣ ವಿಷಯವಲ್ಲ.

ಪದವೂ ಒಂದು ತೊಡಕು. 'ಡಿಸ್ಕೌಂಟ್' ಎಂದಾಗ ಕಿವಿಗೆ ಬೀಳುವುದು ಅಂಗಡಿಯ ರಿಯಾಯಿತಿ: ಯಾರೋ ಒಬ್ಬರು ಒಂದಿಷ್ಟು ಬಿಟ್ಟುಕೊಡುವುದು. ವಾಣಿಜ್ಯದವರಿಗೆ ಪುಸ್ತಕದಲ್ಲಿ ಬರೆಯದ ಟ್ರೇಡ್ ಡಿಸ್ಕೌಂಟ್, ಬರೆಯುವ ಕ್ಯಾಷ್ ಡಿಸ್ಕೌಂಟ್ ಎರಡೂ ಗೊತ್ತು. ಎರಡರಲ್ಲೂ ಬಿಟ್ಟುಕೊಡುವವರು ಒಬ್ಬರಿದ್ದಾರೆ. ಪ್ರಸ್ತುತ ಮೌಲ್ಯದಲ್ಲಿ ಯಾರೂ ಏನನ್ನೂ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಆ ಪದವನ್ನು ಬದಿಗಿಟ್ಟು, 'ಒಳಗೆ ಸೇರಿರುವ ಬಡ್ಡಿಯನ್ನು ಹೊರತೆಗೆಯುವುದು' ಎಂದೇ ಎರಡೂ ತರಗತಿಗಳಲ್ಲಿ ಹೇಳುತ್ತಾ ಹೋದೆ.

ಕೊನೆಯಿಂದ ಹಿಂದಕ್ಕೆ

ಕಪ್ಪುಹಲಗೆಯ ಮೇಲೆ ಬರೆದ ಲೆಕ್ಕ: ಮೂರು ವರ್ಷದ ಗುತ್ತಿಗೆ, ಪ್ರತಿ ವರ್ಷದ ಕೊನೆಗೆ 1,00,000 ರೂ. ಬಾಡಿಗೆ, ಬಡ್ಡಿದರ ಶೇ. 10. ಕ್ಯಾಲ್ಕುಲೇಟರಿನಲ್ಲಿ ಒಂದೊಂದೇ ಭಾಗಾಕಾರ ಮಾಡಬಹುದು, ಜಿ.ಟಿ. ಮುಟ್ಟುವಂತಿಲ್ಲ ಎಂದು ನಿಯಮ ಮಾಡಿದೆವು.

ಕೊನೆಯ ವರ್ಷದಿಂದ ಶುರು. ಮೂರನೆಯ ವರ್ಷದ ಅಂತ್ಯಕ್ಕೆ ಕೊಡಬೇಕಾದದ್ದು 1,00,000. ಅದರೊಳಗೆ ಆ ವರ್ಷದ ಬಡ್ಡಿ ಸೇರಿದೆ, 1.1ರಿಂದ ಭಾಗಿಸಿ ಹೊರತೆಗೆದರೆ ಉಳಿಯುವುದು 90,909. ಎರಡನೆಯ ವರ್ಷದ ಅಂತ್ಯದಲ್ಲಿ ಬಾಡಿಗೆ ಕೊಟ್ಟ ಮೇಲೆ ಉಳಿದಿರುವ ಸಾಲ ಇದು. ಕೊಡುವ ಮೊದಲು ಎಷ್ಟಿತ್ತು? 1,90,909. ಮತ್ತೆ 1.1ರಿಂದ ಭಾಗಿಸಿದರೆ 1,73,554. ಅದಕ್ಕೆ ಇನ್ನೊಂದು ಲಕ್ಷ ಸೇರಿಸಿ 2,73,554. ಮತ್ತೆ ಭಾಗಿಸಿದರೆ 2,48,685.

ಇದಾದ ಮೇಲೆ ಅದೇ ಸಂಖ್ಯೆಗಳನ್ನು ಮೇಲಿನಿಂದ ಕೆಳಕ್ಕೆ ಓದಲು ಹೇಳಿದೆ. ಆರಂಭದ ಸಾಲ 2,48,685, ಬಡ್ಡಿ 24,869, ಕೊಟ್ಟದ್ದು 1,00,000, ಉಳಿದದ್ದು 1,73,554. ಮುಂದಿನ ವರ್ಷ ಬಡ್ಡಿ 17,355, ಉಳಿದದ್ದು 90,909. ಕೊನೆಯ ವರ್ಷ ಬಡ್ಡಿ 9,091, ಉಳಿದದ್ದು ಸೊನ್ನೆ. ಅವರ ಪಠ್ಯದಲ್ಲಿರುವ ಗುತ್ತಿಗೆ ಸಾಲದ ಪಟ್ಟಿ ಇದೇ ತಾನೇ! ಪ್ರಸ್ತುತ ಮೌಲ್ಯವನ್ನು ಒಂದು ಕಡೆ, ಪಟ್ಟಿಯನ್ನು ಇನ್ನೊಂದು ಕಡೆ ಕಲಿತವರಿಗೆ ಎರಡೂ ಒಂದೇ ಏಣಿ, ಒಂದರಲ್ಲಿ ಹತ್ತುತ್ತೇವೆ, ಇನ್ನೊಂದರಲ್ಲಿ ಇಳಿಯುತ್ತೇವೆ ಎಂದು ಕಾಣಲು ಇಪ್ಪತ್ತು ನಿಮಿಷ ಹಿಡಿಯಿತು. ಬಾಡಿಗೆಯನ್ನು ವರ್ಷದ ಮೊದಲಿಗೆ ಕೊಟ್ಟರೆ ಏನಾಗುತ್ತದೆ ಎಂದು ಕೇಳಿದಾಗ ಒಬ್ಬ ವಿದ್ಯಾರ್ಥಿ ಎದ್ದು ಬಂದು 2,73,554ರ ಸುತ್ತ ಗೆರೆ ಎಳೆದ. ಕೊನೆಯ ಭಾಗಾಕಾರವೊಂದನ್ನು ಬಿಟ್ಟರಾಯಿತು.

ಬಳಕೆಯ ಹಕ್ಕಿನ ಮೇಲಿನ ಸವಕಳಿ ವರ್ಷಕ್ಕೆ 82,895. ಬಡ್ಡಿಯನ್ನೂ ಕೂಡಿದರೆ ಮೂರು ವರ್ಷಗಳ ಖರ್ಚು 1,07,764, 1,00,250, 91,986. ಒಟ್ಟು 3,00,000. ಈ ಮೂರು ಸಂಖ್ಯೆಗಳನ್ನು ಹಲಗೆಯ ಮೂಲೆಯಲ್ಲಿ ಅಳಿಸದೆ ಉಳಿಸಿದೆ; ಮರುದಿನ ಬೇಕಾಗಿತ್ತು.

ಭೋಗ್ಯ

ನಮ್ಮ ಪಾಠಯೋಜನೆಯ ನಮೂನೆಯಲ್ಲಿ ಪೀಠಿಕೆಗೆ ಐದು ನಿಮಿಷ. ಮೂರನೆಯ ತರಗತಿಯಲ್ಲಿ ನಾನು ಪೀಠಿಕೆಗೆ ಹದಿನೈದು ನಿಮಿಷ ಬರೆದುಕೊಂಡು ಹೋಗಿದ್ದೆ. ವಯಸ್ಕ ವಿದ್ಯಾರ್ಥಿಗಳಿಗೆ ಪೀಠಿಕೆ ಎಂದರೆ ಗಮನ ಸೆಳೆಯುವ ಕಥೆಯಲ್ಲ, ಅವರಿಗೆ ಈಗಾಗಲೇ ಗೊತ್ತಿರುವುದನ್ನು ಅವರ ಬಾಯಲ್ಲೇ ಹೇಳಿಸುವುದು ಎಂದು ನನ್ನ ಅಭಿಪ್ರಾಯ.

ಬೆಂಗಳೂರಿನಲ್ಲಿ 'ಮನೆ ಲೀಸಿಗಿದೆ' ಎಂಬ ಫಲಕ ಕಂಡರೆ ಅದು ಇಂಡ್ ಎ.ಎಸ್. 116ರ ಲೀಸ್ ಅಲ್ಲ. ಅದು ಭೋಗ್ಯ: ಒಂದು ದೊಡ್ಡ ಮೊತ್ತವನ್ನು ಮಾಲೀಕರಿಗೆ ಕೊಡುವುದು, ಬಾಡಿಗೆಯಿಲ್ಲದೆ ವಾಸ ಮಾಡುವುದು, ಬಿಡುವಾಗ ಅಷ್ಟೂ ಹಣವನ್ನು ಬಡ್ಡಿಯಿಲ್ಲದೆ ಹಿಂದಕ್ಕೆ ಪಡೆಯುವುದು. ಹಳ್ಳಿಗಳಲ್ಲಿ ಜಮೀನನ್ನು ಭೋಗ್ಯಕ್ಕೆ ಹಾಕುವುದೂ ಇದೇ ಬಗೆ. "ಭೋಗ್ಯದ ಮನೆಗೆ ಬಾಡಿಗೆ ಎಷ್ಟು?" ಎಂದು ಕೇಳಿದೆ. ಬಾಡಿಗೆ ಇಲ್ಲ ಎಂದು ಅರ್ಧ ತರಗತಿ. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬರು ಒಪ್ಪಲಿಲ್ಲ. "ನಮ್ಮಜ್ಜ ಹೊಲ ಭೋಗ್ಯಕ್ಕೆ ಹಾಕಿದ್ರು ಮೇಡಂ. ದುಡ್ಡು ಕೊಟ್ಟೋರು ಬೆಳೆ ತಗೊಂಡ್ರು. ಬಡ್ಡಿಗೂ ಬೆಳೆಗೂ ವಜಾ ಅಂತ ಮಾತು." ನಾನು ಹೇಳಬೇಕಾಗಿದ್ದ ಪಾಠದ ಮುಖ್ಯ ಭಾಗ ಅಲ್ಲಿಗೆ ಮುಗಿದಿತ್ತು. ಉಳಿದದ್ದು ಅಂಕಿ.

ಕಂಪನಿಯೊಂದು ತನ್ನ ನೌಕರರಿಗಾಗಿ 10,00,000 ರೂ. ಭೋಗ್ಯಕ್ಕೆ ಮೂರು ವರ್ಷ ಮನೆ ಪಡೆಯಿತು ಎಂದುಕೊಳ್ಳೋಣ, ದರ ಶೇ. 10. ಮೂರು ವರ್ಷದ ನಂತರ ಬರುವ ಹತ್ತು ಲಕ್ಷದ ಇಂದಿನ ಬೆಲೆ, 1.1ರಿಂದ ಮೂರು ಸಲ ಭಾಗಿಸಿದರೆ, 7,51,315. ಇಂಡ್ ಎ.ಎಸ್. 109ರ ಪ್ರಕಾರ ಬಡ್ಡಿಯಿಲ್ಲದ ಮರುಪಾವತಿ ಠೇವಣಿಯನ್ನು ಮೊದಲ ದಿನವೇ ಈ ನ್ಯಾಯಯುತ ಮೌಲ್ಯಕ್ಕೆ ಬರೆಯಬೇಕು; ವ್ಯತ್ಯಾಸವು ಮುಂಗಡ ಬಾಡಿಗೆಯಾಗಿ ಬಳಕೆಯ ಹಕ್ಕಿಗೆ ಸೇರುತ್ತದೆ. ವ್ಯತ್ಯಾಸ ಎಷ್ಟು? ಕಳೆದು ನೋಡಿದವರು ಒಬ್ಬೊಬ್ಬರಾಗಿ ತಲೆಯೆತ್ತಿ ಹಿಂದಿನ ದಿನದ ನೋಟ್ಸ್ ತಿರುವತೊಡಗಿದರು. 2,48,685.

ಕಾಕತಾಳೀಯವೇ ಎಂದು ಕೇಳಿದೆ. ಒಂದಿಬ್ಬರು ನಾನು ಬೇಕೆಂದೇ ಸಂಖ್ಯೆ ಹೊಂದಿಸಿದ್ದೇನೆ ಎಂದರು. ಹತ್ತು ಲಕ್ಷವನ್ನೂ ಒಂದು ಲಕ್ಷವನ್ನೂ ನಾನೇ ಆರಿಸಿದ್ದು ನಿಜ. ಆದರೆ ಹೊಂದಿಕೆ ನನ್ನದಲ್ಲ. ಹತ್ತು ಲಕ್ಷವನ್ನು ಶೇ. 10ಕ್ಕೆ ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೊಂದು ಲಕ್ಷದಂತೆ ಮೂರು ಸಲ ಬಡ್ಡಿ, ಕೊನೆಗೆ ಹತ್ತು ಲಕ್ಷ ಅಸಲು. ಇವೆಲ್ಲದರ ಇಂದಿನ ಬೆಲೆ ಹತ್ತು ಲಕ್ಷವೇ, ಏಕೆಂದರೆ ಇಂದು ಕೈಯಲ್ಲಿರುವುದು ಅಷ್ಟೇ. ಅದರಿಂದ ಅಸಲಿನ ಇಂದಿನ ಬೆಲೆ ಕಳೆದರೆ ಉಳಿಯುವುದು ಬಡ್ಡಿಗಳ ಇಂದಿನ ಬೆಲೆ. ಭೋಗ್ಯ ಕೊಟ್ಟವರು ಬಿಟ್ಟುಕೊಟ್ಟದ್ದು ಆ ಬಡ್ಡಿಗಳನ್ನು. ಹಾಗಾದರೆ ಭೋಗ್ಯದ ಮನೆಯ ಬಾಡಿಗೆ ವರ್ಷಕ್ಕೆ ಒಂದು ಲಕ್ಷ.

ಹತ್ತು ಲಕ್ಷದ ಬದಲು ಒಂದು ರೂಪಾಯಿ ಭೋಗ್ಯ ಎಂದುಕೊಳ್ಳಿ ಎಂದೆ. ಒಂದರಿಂದ 0.7513 ಕಳೆದರೆ 0.2487, ಅದು ವರ್ಷಕ್ಕೆ ಹತ್ತು ಪೈಸೆಯಂತೆ ಮೂರು ವರ್ಷದ ಬಡ್ಡಿಯ ಬೆಲೆ. ವರ್ಷಕ್ಕೆ ಒಂದು ರೂಪಾಯಿ ಬೇಕೆಂದರೆ 0.10ರಿಂದ ಭಾಗಿಸಬೇಕು: 2.487. ವರ್ಷಾಶನದ ಸೂತ್ರವನ್ನು ಅವರು ಪಿ.ಯು.ಸಿ.ಯಿಂದ ಬಾಯಿಪಾಠ ಮಾಡಿದ್ದಾರೆ. ಅದರ ಅಂಶದಲ್ಲಿರುವ 'ಒಂದು' ಎಲ್ಲಿಂದ ಬಂತು ಎಂದು ಯಾರೂ ಕೇಳಿರಲಿಲ್ಲ. ಅದು ಭೋಗ್ಯಕ್ಕೆ ಕೊಟ್ಟ ರೂಪಾಯಿ. ಗುಣೋತ್ತರ ಶ್ರೇಢಿಯ ಮೊತ್ತದಿಂದಲೂ ಸೂತ್ರವನ್ನು ಸಾಧಿಸಬಹುದು, ನನ್ನ ಯೋಜನೆಯಲ್ಲಿ ಅದೂ ಇತ್ತು. ತರಗತಿಯಲ್ಲಿ ಅದರ ಅಗತ್ಯ ಬೀಳಲಿಲ್ಲ.

ಸೊನ್ನೆಯ ಪ್ರಶ್ನೆ

ಈ ಪ್ರಶ್ನೆ ಬಂದದ್ದು ಸಿ.ಎ.ಗೆ ಗಂಭೀರವಾಗಿ ಓದುತ್ತಿರುವ ಹುಡುಗನಿಂದ. ಅವನು ಪೂರ್ತಿ ನಮೂದುಗಳನ್ನು ಬರೆದುಕೊಂಡಿದ್ದ. ಸವಕಳಿ ವರ್ಷಕ್ಕೆ 82,895. ಠೇವಣಿಯ ಮೇಲೆ ಕ್ರಮವಾಗಿ 75,131, 82,645, 90,909 ಬಡ್ಡಿ ಆದಾಯ. "ಮೂರು ವರ್ಷದ ಸವಕಳಿ 2,48,685. ಆದಾಯವೂ 2,48,685. ಕಳೆದರೆ ಸೊನ್ನೆ ಮೇಡಂ. ಬಾಡಿಗೆ ಇದೆ ಅಂದ್ರಲ್ಲ, ಪುಸ್ತಕದಲ್ಲಿ ಎಲ್ಲಿ ಹೋಯ್ತು?"

ಒಳ್ಳೆಯ ಪ್ರಶ್ನೆಗೆ ಉತ್ತರ ಕೊಡುವ ಬದಲು ಇನ್ನೊಂದು ಲೆಕ್ಕ ಕೊಡುವುದು ಲೇಸು. ಕಂಪನಿ ಆ ಹತ್ತು ಲಕ್ಷವನ್ನು ಶೇ. 10ಕ್ಕೆ ಸಾಲ ತಂದು ಭೋಗ್ಯ ಕೊಟ್ಟಿದ್ದರೆ, ವರ್ಷವರ್ಷವೂ ಬಡ್ಡಿ ಕಟ್ಟಿ ಕೊನೆಗೆ ಅಸಲು ತೀರಿಸಿದರೆ, ಏನಾಗುತ್ತದೆ ಎಂದು ಕೇಳಿದೆ. ಮೊದಲ ವರ್ಷ: ಸವಕಳಿ 82,895, ಸಾಲದ ಬಡ್ಡಿ 1,00,000, ಅದರಲ್ಲಿ ಆದಾಯ 75,131 ಕಳೆದರೆ 1,07,764. ಎರಡನೆಯ ವರ್ಷ 1,00,250. ಮೂರನೆಯದು 91,986. ಹಲಗೆಯ ಮೂಲೆಯಲ್ಲಿದ್ದ ಮೂರು ಸಂಖ್ಯೆಗಳು ಇವೇ. ಸಾಲ ತಂದಾಗ ಬಾಡಿಗೆ ಪುಸ್ತಕದಲ್ಲಿ ಕಾಣುತ್ತದೆ. ಸ್ವಂತ ಹಣ ಹಾಕಿದಾಗ ಕೈಬಿಟ್ಟ ಬಡ್ಡಿಯನ್ನು ಪುಸ್ತಕ ಖರ್ಚೆಂದು ಬರೆಯುವುದಿಲ್ಲ, ಆದ್ದರಿಂದ ನಿವ್ವಳದಲ್ಲಿ ಕಾಣುವುದಿಲ್ಲ. ಗಣಿತ ಎರಡಕ್ಕೂ ಒಂದೇ, ದಾಖಲಿಸುವ ನಿಯಮ ಬೇರೆ. ಗಣಿತ ಬೋಧಿಸುವವರು ಈ ಗೆರೆಯನ್ನು ತರಗತಿಯಲ್ಲಿ ಸ್ಪಷ್ಟವಾಗಿ ಎಳೆಯಬೇಕು. ಇಲ್ಲದಿದ್ದರೆ ಸಮೀಕರಣದಿಂದ ನಮೂದು ತಾನಾಗಿ ಹುಟ್ಟುತ್ತದೆಂದು ವಿದ್ಯಾರ್ಥಿ ನಂಬುತ್ತಾನೆ.

ಮೌಲ್ಯಮಾಪನ

ಮನೆಗೆಲಸಕ್ಕೆ ಕೊಟ್ಟದ್ದು ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್: ತಿಂಗಳ ಬಾಡಿಗೆ 20,000, ಅಡ್ವಾನ್ಸ್ 2,00,000, ಮೂರು ವರ್ಷ, ಶೇ. 10. ಅಡ್ವಾನ್ಸಿನಿಂದಾಗಿ ಬಳಕೆಯ ಹಕ್ಕಿಗೆ ಎಷ್ಟು ಸೇರುತ್ತದೆ? ಹೆಚ್ಚಿನವರು 1,50,263 ಕಂಡುಹಿಡಿದು, ಕಳೆದು, 49,737 ಎಂದು ಬರೆದರು. ಇಬ್ಬರು ಯಾವ ಭಾಗಾಕಾರವನ್ನೂ ಮಾಡಿರಲಿಲ್ಲ: '2,48,685ರಲ್ಲಿ ಐದನೇ ಒಂದು ಪಾಲು' ಎಂದಷ್ಟೇ ಬರೆದಿದ್ದರು. ಪರೀಕ್ಷೆಯಲ್ಲಿ ಹಂತಗಳಿಗೆ ಅಂಕ ಸಿಗಬೇಕಾದರೆ ಬಿಡಿಸಿ ಬರೆಯಬೇಕು ಎಂದು ಟಿಪ್ಪಣಿ ಹಾಕಿದೆ, ಆದರೆ ಪೂರ್ಣ ಅಂಕವನ್ನೇ ಕೊಟ್ಟೆ.

ಒಂದು ಉತ್ತರಪತ್ರಿಕೆಯ ಅಂಚಿನಲ್ಲಿ 'ಶೇ. 10 ಎಂದು ಹೇಳಿದ್ದು ಯಾರು?' ಎಂದಿತ್ತು. ಗುತ್ತಿಗೆ ಸಾಲಕ್ಕೆ ಬಳಸುವುದು ಗುತ್ತಿಗೆಯೊಳಗೇ ಅಡಗಿರುವ ದರ, ಅದು ಸುಲಭವಾಗಿ ತಿಳಿಯದಿದ್ದರೆ ಬಾಡಿಗೆದಾರರೇ ಹೆಚ್ಚುವರಿ ಸಾಲ ಪಡೆದರೆ ತೆರಬೇಕಾದ ದರ. ಠೇವಣಿಯಾದರೋ ಮಾಲೀಕರಿಗೆ ಕೊಟ್ಟ ಸಾಲದಂತೆ, ಅದಕ್ಕೆ ಅಂಥ ಸಾಲದ ಮಾರುಕಟ್ಟೆ ದರ. ಎರಡೂ ಒಂದೇ ಆಗಿರಬೇಕೆಂದಿಲ್ಲ. ನಾಲ್ಕನೆಯ ತರಗತಿಯ ಆರಂಭದಲ್ಲಿ ಅದೇ ಭೋಗ್ಯವನ್ನು ಶೇ. 8ಕ್ಕೆ ಮಾಡಿಸಿದೆ. ಠೇವಣಿಯ ಬೆಲೆ 7,93,832, ವ್ಯತ್ಯಾಸ 2,06,168. ಮನೆ ಅದೇ, ಕೊಟ್ಟ ಹಣವೂ ಅದೇ, ವರ್ಷದ ಬಾಡಿಗೆ ಮಾತ್ರ 80,000ಕ್ಕೆ ಇಳಿದಿತ್ತು. ಯಾವ ದರ ಸರಿ ಎಂಬ ಚರ್ಚೆ ಎದ್ದಾಗ ವಿಭಾಗದ ಉಪನ್ಯಾಸಕರು ಹಿಂದಿನ ಸಾಲಿನಿಂದ ಎದ್ದು ಮುಂದೆ ಬಂದರು, ನಾನು ಸುಣ್ಣದ ಕಡ್ಡಿಯನ್ನು ಅವರಿಗೆ ಕೊಟ್ಟು ವಿದ್ಯಾರ್ಥಿಗಳ ನಡುವೆ ಕುಳಿತೆ.