ಸೋರುವ ಕೊಳವೆ ಮತ್ತು ಮನೆಯ ಆರೋಗ್ಯ

ಅಡಿಗೆಮನೆಯ ಸಿಂಕಿನಡಿಯ ಕೊಳವೆ ಸೋರತೊಡಗಿದಾಗ ಬಕೆಟ್ಟನ್ನಿಟ್ಟು ಮರೆಯುವುದು ಮಹಾನಗರದ ಫ್ಲಾಟುಗಳಲ್ಲಿ ಸಾಮಾನ್ಯ. ಆ ತೇವವೇ ಜಿರಳೆಗೂ ಬೂಷ್ಟಿಗೂ ಆಶ್ರಯ.

ಕೊಳವೆಯನ್ನು ಒರಸಿ, ಜೋಡಣೆಗಳಿಗೆ ಒಣ ಕಾಗದ ಸುತ್ತಿ ನೀರು ಬಿಟ್ಟರೆ ಸೋರುವ ಸ್ಥಳ ತಿಳಿಯುತ್ತದೆ. ತಿರುಪಿನ ಜೋಡಣೆಯನ್ನು ಕೈಯಿಂದಲೇ ಬಿಗಿಗೊಳಿಸಬೇಕು; ಪಾನಾ ಹಾಕಿ ತಿರುಚಿದರೆ ಪ್ಲಾಸ್ಟಿಕ್ಕಿನ ನಟ್ಟು ಸೀಳೀತು. ಆಗಲೂ ನಿಲ್ಲದಿದ್ದರೆ ಒಳಗಿನ ರಬ್ಬರ್ ವಾಷರನ್ನು ಬದಲಿಸಬೇಕು. ಕೆಳಮನೆಯವರ ಛಾವಣಿಯ ದುರಸ್ತಿಯ ಮುಂದೆ ಅದರ ಬೆಲೆ ಅತ್ಯಲ್ಪ! ಹೊರಗಿನಿಂದ ಮೆತ್ತುವ ಲೇಪವು ತಾತ್ಕಾಲಿಕವಷ್ಟೇ.

ಸೋರಿಕೆ ಬಾಗುಕೊಳವೆಯಲ್ಲಿದ್ದರೆ, ಅದನ್ನು ಕಿತ್ತು ನೇರ ಕೊಳವೆ ಹಾಕಿಸುವವರುಂಟು. ಇದು ಸಲ್ಲದು. ಅದರ ಬಾಗಿನಲ್ಲಿ ನಿಂತ ನೀರೇ ಚರಂಡಿಯ ದುರ್ವಾಯುವನ್ನು ತಡೆಯುವ ಬಾಗಿಲು. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ ಸಾರ್ಸ್ ರೋಗವು ಮುನ್ನೂರಕ್ಕೂ ಹೆಚ್ಚು ಜನರಿಗೆ ಹರಡಿದಾಗ, ಸ್ನಾನಗೃಹದ ನೆಲದ ಬಾಗುಕೊಳವೆಗಳಲ್ಲಿ ನೀರು ಆರಿಹೋಗಿದ್ದುದೂ ಒಂದು ಕಾರಣವೆಂದು ತನಿಖೆಯು ಹೇಳಿತು.