ಬೀಜದ ಹೋರಿಗೆ ಮಂಪರಿನ ಔಷಧ

ಕಲಾಸಿಪಾಳ್ಯದ ನಿಲ್ದಾಣಕ್ಕೆ ಲಾರಿಯನ್ನು ಗೊತ್ತುಮಾಡಲು ಬರುವ ಜಮೀನುದಾರರಲ್ಲಿ ಕೆಲವರು, ಕೊಂಡ ಹೋರಿಯು ದಾರಿಯಲ್ಲಿ ಹೊಡೆದಾಡದೆ ನಿಲ್ಲಲೆಂದು ಮಂಪರಿನ ಸೂಜಿಯನ್ನು ಹಾಕಿಸಬಹುದೇ, ಅದರಿಂದ ಬೀಜವು ಕೆಡುವುದೇ ಎಂದು ವಿಚಾರಿಸುವುದುಂಟು. ಈ ಪ್ರಶ್ನೆಯು ವಿಚಾರಾರ್ಹವಾದುದು.

ಹೋರಿಯ ವೃಷಣದಲ್ಲಿ ಒಂದು ವೀರ್ಯಾಣುವು ಸಿದ್ಧವಾಗಲು ಸುಮಾರು 61 ದಿನಗಳು ಹಿಡಿಯುವುವು. ಬಳಿಕ ವೃಷಣದ ಪಕ್ಕದ ಸುರುಳಿನಾಳದಲ್ಲಿ ಅದು ಬಲಿಯಲು ಇನ್ನೂ ಹತ್ತು ದಿನಗಳಷ್ಟು ಬೇಕು. ಆದಕಾರಣ ಇಂದು ವೃಷಣಕ್ಕೆ ತಗುಲಿದ ಪೆಟ್ಟು ಇಂದೇ ಕಾಣುವುದಿಲ್ಲ. ವಾರಗಳ ಮೇಲೆ, ಕೆಲವೊಮ್ಮೆ ಎರಡು ತಿಂಗಳ ಮೇಲೆ ಕಾಣುವುದು. ಅಷ್ಟರಲ್ಲಿ ಹಸುಗಳು 21 ದಿನಗಳಿಗೊಮ್ಮೆ ಮರಳಿ ಬೆದೆಗೆ ಬರತೊಡಗಿದರೆ ಊರವರು ಹಸುವನ್ನೇ ದೂರುವರು, ಹೋರಿಯನ್ನು ಯಾರೂ ಸಂಶಯಿಸರು.

ವೈದ್ಯರು ಬಳಸುವ ಕ್ಸೈಲಜಿನ್ ಔಷಧವನ್ನು ಮೂಗುದಾರಕ್ಕೋ ಗೊರಸು ಸವರುವುದಕ್ಕೋ ಒಮ್ಮೆ ಹಾಕಿಸಿದ ಮಾತ್ರಕ್ಕೆ ಹೋರಿಯು ಬಂಜೆಯಾಗುವುದೆಂದು ಅಂಜಬೇಕಾದುದಿಲ್ಲ. ಆದರೆ ಬೇಸಗೆಯ ಬಿಸಿಲಿನಲ್ಲಿ ಈ ಔಷಧವು ದನದ ಮೈಯ ಶಾಖವನ್ನು ಏರಿಸಬಲ್ಲುದು. ವೃಷಣವಾದರೋ ದೇಹಕ್ಕಿಂತ ಕೆಲವು ಡಿಗ್ರಿ ತಂಪಾಗಿದ್ದರೆ ಮಾತ್ರ ತನ್ನ ಕೆಲಸವನ್ನು ಸರಿಯಾಗಿ ಮಾಡುವುದು. ಶಾಖವೇರಿದರೆ ವಿಕಾರರೂಪದ ವೀರ್ಯಾಣುಗಳು ಹೆಚ್ಚುವುವು. ಅಫೀಮಿನ ಜಾತಿಯ ಔಷಧಗಳ ದೋಷವು ಬೇರೆ ಬಗೆಯದು. ಇವು ಮಿದುಳಿನಿಂದ ವೃಷಣಕ್ಕೆ ಹೋಗುವ ಪ್ರೇರಣೆಯನ್ನೇ ಕುಗ್ಗಿಸಿ ಗಂಡುರಸವನ್ನು ಇಳಿಸುವುವು. ಪದೇ ಪದೇ ಕೊಟ್ಟಲ್ಲಿ ಅಪಾಯ ಹೆಚ್ಚು. ಬೆದರುವ ಹೋರಿಗೆ ಗಸಗಸೆಯ ಸಿಪ್ಪೆಯ ಕಷಾಯವನ್ನು ಕುಡಿಸುವ ಮನೆಮದ್ದು ಆದುದರಿಂದ ಸಲ್ಲದು.

ಮತ್ತೊಂದು ಮಾತು. ಕುದುರೆಗೆ ಬೇಕಾಗುವ ಕ್ಸೈಲಜಿನ್ನಿನ ಸುಮಾರು ಹತ್ತನೆಯ ಒಂದಂಶವೇ ದನಕ್ಕೆ ಸಾಕು. ಇದನ್ನರಿಯದೆ ಅಂಗಡಿಯಿಂದ ತಂದು ತಾವೇ ಚುಚ್ಚುವವರು ಬೀಜದ ಚಿಂತೆಗೆ ಮೊದಲು ಹೋರಿಯ ಪ್ರಾಣದ ಚಿಂತೆಯನ್ನು ಮಾಡತಕ್ಕದ್ದು.

1939ರಲ್ಲಿ ಮೈಸೂರಿನ ಅರಮನೆಯ ಹೈನು ಕ್ಷೇತ್ರದಲ್ಲಿ ಸಂಪತ್ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಕೃತಕ ಗರ್ಭಧಾರಣೆಯನ್ನು ಮಾಡಿಸಿದ್ದು ಭಾರತದಲ್ಲೇ ಮೊದಲನೆಯದು. ಅಂದಿನಿಂದ ಒಂದು ಹೋರಿಯ ಬೀಜವು ನೂರಾರು ಕೊಟ್ಟಿಗೆಗಳನ್ನು ಮುಟ್ಟುವಂತಾಯಿತು. ಹೆಸರಘಟ್ಟದಂತಹ ಕೇಂದ್ರಗಳಲ್ಲಿ ವೀರ್ಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಹೆಪ್ಪುಗಟ್ಟಿಸುವುದಿಲ್ಲ. ಊರ ಹೋರಿಗೆ ಅಂತಹ ಕಾವಲಿಲ್ಲ. ಹೀಗಿರುವುದರಿಂದ ಗ್ರಾಮದ ಮುಖಂಡರು ಔಷಧದ ಹೆಸರನ್ನೂ ಕೊಟ್ಟ ತಾರೀಖನ್ನೂ ಬರೆದಿಡಿಸಿ, ಔಷಧವನ್ನು ಹಲವು ಸಲ ಕೊಟ್ಟಿದ್ದಲ್ಲಿ, ಕಡೆಯ ಸೂಜಿಯಿಂದ 70 ದಿನಗಳು ಕಳೆದ ಮೇಲೆ ಪಶುವೈದ್ಯರಿಂದ ವೀರ್ಯಪರೀಕ್ಷೆಯನ್ನು ಮಾಡಿಸತಕ್ಕದ್ದು. ಅಲ್ಲಿಯವರೆಗೆ ಆ ಹೋರಿಯನ್ನು ಹಸುಗಳ ಮೇಲೆ ಬಿಡದಿರುವುದು ಲೇಸು.